ಹೆಡ್‌ಫೋನ್ ಆಂಪ್‌ನ ವಾಲ್ಯೂಮ್ ನಾಬ್ ತೊಂದರೆ ಕೊಡ್ತಿದೆಯಾ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಕಡಿಮೆ ಬೆಲೆಯ ಹೆಡ್‌ಫೋನ್ ಆಂಪ್ಲಿಫೈಯರ್‌ಗಳು ಈಗ ನಿಜಕ್ಕೂ ಚೆನ್ನಾಗಿವೆ. ಒಳಗಿನ ಐಸಿಗಳು ಒಳ್ಳೆಯವು, ಡಿಸ್ಟಾರ್ಷನ್ ಕಿವಿಗೆ ಸಿಗದಷ್ಟು ಕಡಿಮೆ, ಪವರ್ ಬೇಕಾದಷ್ಟಿದೆ. ಆದರೂ ಕೊಂಡವರ ದೂರು ಬಹುತೇಕ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ: ವಾಲ್ಯೂಮ್ ನಾಬ್. ಇಡೀ ಪೆಟ್ಟಿಗೆಯಲ್ಲಿ ನಾವು ದಿನಾ ಕೈಯಾಡಿಸುವ ಭಾಗ ಅದು. ತಯಾರಕರು ದುಡ್ಡು ಉಳಿಸುವುದೂ ಅಲ್ಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಬ್ ಸರಿಯಿಲ್ಲ ಎಂದು ಆಂಪ್ ಬದಲಿಸಲು ಹೊರಟವರಲ್ಲಿ ಬಹಳ ಮಂದಿಗೆ ಹೊಸ ಆಂಪ್ ಬೇಕಾಗಿಲ್ಲ. ಅವರ ಆಂಪ್‌ನಲ್ಲಿ ಗೇನ್ (ಬಂದ ಸಿಗ್ನಲನ್ನು ಆಂಪ್ ಎಷ್ಟು ಹೆಚ್ಚಿಸುತ್ತದೆ ಅನ್ನುವ ಲೆಕ್ಕ) ಜಾಸ್ತಿ ಇರುತ್ತದೆ, ಅದಕ್ಕಾಗಿ ನಾಬನ್ನು ತೀರಾ ಕೆಳಗೆ ಇಟ್ಟುಕೊಂಡು ಕೇಳುತ್ತಿರುತ್ತಾರೆ. ಅಗ್ಗದ ವಾಲ್ಯೂಮ್ ಕಂಟ್ರೋಲ್ ಅತಿ ಕೆಟ್ಟದಾಗಿ ಕೆಲಸ ಮಾಡುವ ಜಾಗವೇ ಅದು. ಗೇನ್ ಸರಿಮಾಡಲು ಖರ್ಚೇನೂ ಇಲ್ಲ. ಹಾಗಾಗಿ ಈ ಕೈಪಿಡಿಯಲ್ಲಿ ಪುಕ್ಕಟೆ ಪರೀಕ್ಷೆಗಳು ಮೊದಲು ಬರುತ್ತವೆ, ಸ್ಕ್ರೂಡ್ರೈವರ್ ಆಮೇಲೆ.

ಕೈ ಹಾಕುವ ಮೊದಲು

ಪರೀಕ್ಷೆ ಮಾಡುವಾಗ ಹೆಡ್‌ಫೋನ್ ಕಿವಿಯ ಮೇಲೆ ಇರಬಾರದು. ಹಾಡು ಹಾಕಿ, ನಾಬ್ ಸೊನ್ನೆಗೆ ತಂದು, ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಏರಿಸಿ. ಎಲ್ಲ ಸರಿ ಅನ್ನಿಸಿದ ಮೇಲೆ ತಲೆಗೆ ಹಾಕಿಕೊಳ್ಳಿ. ಕೆಟ್ಟ ವಾಲ್ಯೂಮ್ ಕಂಟ್ರೋಲ್ ಒಂದು ಕ್ಷಣದಲ್ಲಿ ಫುಲ್ ಸೌಂಡ್ ಕೊಡಬಹುದು. ಇನ್‌ಇಯರ್ (ಕಿವಿಯೊಳಗೆ ಕೂರುವ ಇಯರ್‌ಫೋನ್) ಹಾಕಿಕೊಂಡಿದ್ದರೆ ಅದರಿಂದ ತಪ್ಪಿಸಿಕೊಳ್ಳುವುದಕ್ಕೆ ಸಮಯ ಸಿಗುವುದಿಲ್ಲ.

ಆಂಪ್‌ಗೆ ಹೊರಗಿನ ಅಡಾಪ್ಟರ್ ಇದ್ದರೆ ಪೆಟ್ಟಿಗೆಯೊಳಗೆ ಇರುವುದು ಕಡಿಮೆ ವೋಲ್ಟೇಜ್. ಅಡಾಪ್ಟರ್ ತೆಗೆದು, ಐದು ನಿಮಿಷ ಬಿಟ್ಟು ಬಿಚ್ಚಬಹುದು. ಗೋಡೆಯ ಸಾಕೆಟ್‌ನಿಂದ ವೈರ್ ನೇರವಾಗಿ ಪೆಟ್ಟಿಗೆಯೊಳಗೆ ಹೋಗುತ್ತಿದ್ದರೆ ಒಳಗೆ 230 ವೋಲ್ಟ್ ಇದೆ. ವೈರ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಅಂಥದ್ದನ್ನು, ಮತ್ತೆ ವಾಲ್ವ್ (ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ಟ್ಯೂಬ್) ಇರುವ ಆಂಪನ್ನು, ಅನುಭವ ಇಲ್ಲದವರು ತೆರೆಯಲೇಬೇಡಿ. ವಾರಂಟಿ ಇನ್ನೂ ಇದ್ದರೆ ಯಾವ ಆಂಪನ್ನೂ ತೆರೆಯಬೇಡಿ.

ಲಕ್ಷಣ: ಸಣ್ಣ ಸೌಂಡಿನಲ್ಲಿ ಒಂದು ಕಿವಿಗೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ ಇದು. ರಾತ್ರಿ ಮೆಲ್ಲಗೆ ಕೇಳುವಾಗ ಹಾಡುಗಾರರ ದನಿ ನಡುವೆ ನಿಲ್ಲದೆ ಎಡಕ್ಕೋ ಬಲಕ್ಕೋ ಜಾರುತ್ತದೆ. ಸೌಂಡ್ ಏರಿಸಿದರೆ ಮತ್ತೆ ನಡುವಿಗೆ ಬರುತ್ತದೆ. ಹೀಗೆ ಏರಿಸಿದಾಗ ಸರಿಯಾಗುತ್ತದೆ ಎಂದರೆ ಅನುಮಾನ ನೇರವಾಗಿ ನಾಬ್ ಮೇಲೆ. ಎಲ್ಲ ಮಟ್ಟದಲ್ಲೂ ಅಷ್ಟೇ ಜಾರಿದ್ದರೆ ಕಾರಣ ಬೇರೆ ಕಡೆ ಇರುವ ಸಾಧ್ಯತೆ ಹೆಚ್ಚು.

ಮೊದಲು ಫೋನ್ ಅಥವಾ ಕಂಪ್ಯೂಟರ್ ಸೆಟ್ಟಿಂಗ್ ನೋಡಿ. ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಆಕ್ಸೆಸಿಬಿಲಿಟಿ ಒಳಗೆ ಎಡ-ಬಲ ಬ್ಯಾಲೆನ್ಸ್ ಸ್ಲೈಡರ್ ಇದೆ. ಯಾವಾಗಲೋ ಬೆರಳು ತಾಗಿ ಸರಿದಿರಬಹುದು. ವಿಂಡೋಸ್‌ನಲ್ಲಿ ಸೌಂಡ್ ಸೆಟ್ಟಿಂಗ್ ಒಳಗೆ ಎಡ ಮತ್ತು ಬಲ ಚಾನೆಲ್‌ಗೆ ಬೇರೆ ಬೇರೆ ಸಂಖ್ಯೆ ಕಾಣುತ್ತದೆ. ಎರಡೂ ಒಂದೇ ಇರಬೇಕು.

ಆಮೇಲೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಿ, ಎಡದ್ದು ಬಲಕ್ಕೆ. ನಾಬ್ ಅಲುಗಿಸಬೇಡಿ. ಸಣ್ಣಗೆ ಕೇಳುವ ಬದಿ ಈಗಲೂ ಅದೇ ಕಿವಿಯಲ್ಲೇ ಇದ್ದರೆ ತೊಂದರೆ ಇರುವುದು ಕಿವಿಯಲ್ಲಿ. ಗುಗ್ಗೆ ಕಟ್ಟಿರಬಹುದು, ಶೀತವಾಗಿರಬಹುದು. ವಾರ ಕಳೆದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಒಂದು ಕಿವಿ ಮಂದವಾಗಿದ್ದರೆ ವಾರವೂ ಕಾಯಬೇಡಿ, ಅದೇ ದಿನ ಹೋಗಿ. ಅಂಥ ಕಿವುಡಿಗೆ ಚಿಕಿತ್ಸೆ ಬೇಗ ಸಿಕ್ಕಷ್ಟೂ ಒಳ್ಳೆಯದು.

ಸಣ್ಣ ಸೌಂಡ್ ಇನ್ನೊಂದು ಕಿವಿಗೆ ಹೋಯಿತಾ? ಹಾಗಾದರೆ ಕಿವಿ ಸರಿ ಇದೆ. ಈಗ ಆಂಪ್ ಹಿಂದೆ ಬರುವ ಕೆಂಪು-ಬಿಳಿ ಆರ್‌ಸಿಎ ಪಿನ್‌ಗಳನ್ನು ಆಂಪ್ ಕಡೆ ಅದಲುಬದಲು ಮಾಡಿ. ಸಣ್ಣ ಬದಿಯೂ ಬದಲಾದರೆ ದೋಷ ಕೇಬಲ್‌ನಲ್ಲೋ ಡ್ಯಾಕ್‌ನಲ್ಲೋ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಸಾಧನ) ಇದೆ, ಆಂಪ್ ನಿರಪರಾಧಿ. ಬದಲಾಗದಿದ್ದರೆ ಇನ್ನೊಂದು ಹೆಡ್‌ಫೋನ್ ಹಾಕಿ ನೋಡಿ. ಅದರಲ್ಲೂ ಅದೇ ಬದಿ ಸಣ್ಣ ಎಂದಾದರೆ ಆಂಪ್ ಸಿಕ್ಕಿಬಿತ್ತು.

ಇಲ್ಲಿ ಒಳಗೆ ಏನಿದೆ ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ನಾಬ್ ಹಿಂದೆ ಇರುವುದು ಪೊಟೆನ್ಷಿಯೋಮೀಟರ್, ರಿಪೇರಿಯವರ ಬಾಯಲ್ಲಿ ಪಾಟ್. ಒಂದು ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಲೋಹದ ವೈಪರ್. ಸ್ಟೀರಿಯೋಗೆ ಇಂಥ ಎರಡು ಪಟ್ಟಿ ಒಂದೇ ಶಾಫ್ಟ್ ಮೇಲೆ ಕೂತಿರುತ್ತವೆ. ನಮ್ಮ ಕಿವಿಗೆ ಸೌಂಡ್ ಸಮನಾಗಿ ಏರಿದಂತೆ ಅನ್ನಿಸಬೇಕಾದರೆ ಪಟ್ಟಿಯ ರೆಸಿಸ್ಟೆನ್ಸ್ ಶುರುವಿನಲ್ಲಿ ನಿಧಾನ, ಕೊನೆಯಲ್ಲಿ ಜೋರಾಗಿ ಬದಲಾಗಬೇಕು. ಅಗ್ಗದ ಪಾಟ್‌ನಲ್ಲಿ ಎರಡು ಮೂರು ನೇರ ತುಂಡುಗಳನ್ನು ಒಂದರ ಮುಂದೊಂದು ಅಚ್ಚು ಹಾಕಿ ಈ ವಕ್ರರೇಖೆಯನ್ನು ಅಂದಾಜಿಗೆ ತಂದಿರುತ್ತಾರೆ. ನಾಬ್ ತಳದಲ್ಲಿರುವಾಗ ವೈಪರ್ ಮತ್ತು ಗ್ರೌಂಡ್ (ಸರ್ಕ್ಯೂಟ್‌ನ ಸೊನ್ನೆ ವೋಲ್ಟ್ ತುದಿ) ನಡುವೆ ಉಳಿಯುವುದು ಕೆಲವೇ ಹತ್ತು ಓಮ್. ಅಲ್ಲಿ ಎರಡು ಪಟ್ಟಿಗಳ ಅಚ್ಚಿನಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ಒಂದು ಬದಿ ಇನ್ನೊಂದರ ಎರಡರಷ್ಟಾಗಬಹುದು.

ಕಡಿಮೆ ಬೆಲೆಯ ಆಂಪ್‌ಗಳಲ್ಲಿ ಹೆಚ್ಚಾಗಿ ಕಾಣುವುದು 9 ಮಿಲಿಮೀಟರ್ ಅಳತೆಯ ಪುಟ್ಟ ಪಾಟ್. ಆಲ್ಪ್ಸ್ ಕಂಪನಿಯ ಆರ್‌ಕೆ09 ಸರಣಿ ಇದಕ್ಕೆ ಹೆಸರುವಾಸಿ. ಇಂಥವುಗಳಲ್ಲಿ ಎರಡು ಬದಿಗಳ ನಡುವೆ 3 ಡೆಸಿಬೆಲ್ ತನಕ ವ್ಯತ್ಯಾಸಕ್ಕೆ ಅವಕಾಶ ಇರುತ್ತದೆ, ಆ ಭರವಸೆಯೂ ಸೌಂಡನ್ನು 40 ಡೆಸಿಬೆಲ್ ಇಳಿಸುವ ತನಕ ಮಾತ್ರ. ಅದಕ್ಕಿಂತ ಕೆಳಗೆ ಏನಾದರೂ ಆಗಬಹುದು. ಅದೇ ಕಂಪನಿಯ ನೀಲಿ ಬಣ್ಣದ ದೊಡ್ಡ ಆರ್‌ಕೆ27 ಪಾಟ್ 70 ಡೆಸಿಬೆಲ್ ಇಳಿಸುವ ತನಕವೂ 2 ಡೆಸಿಬೆಲ್ ಒಳಗೇ ಇರುವ ಲೆಕ್ಕದಲ್ಲಿ ಮಾಡಿದ್ದು. 1 ಡೆಸಿಬೆಲ್ ವ್ಯತ್ಯಾಸ ಹೆಚ್ಚಿನವರಿಗೆ ಹಾಡು ಕೇಳುವಾಗ ಗೊತ್ತಾಗುವುದಿಲ್ಲ. 3 ಆದರೆ ದನಿ ಒಂದು ಬದಿಗೆ ಹೋದದ್ದು ಯಾರಿಗಾದರೂ ತಿಳಿಯುತ್ತದೆ.

ಅಂದರೆ ನಾಬನ್ನು ಗಡಿಯಾರದ ಮುಳ್ಳಿನಂತೆ ನೋಡಿದರೆ, ನಿಮ್ಮ ನಾಬ್ 7 ಗಂಟೆಯಿಂದ 9 ಗಂಟೆಯ ನಡುವೆ ಇದ್ದಾಗ ದನಿ ಜಾರಿ, 10 ಗಂಟೆ ದಾಟಿದ ಮೇಲೆ ಸರಿಯಾದರೆ, ಪಾಟ್ ಕೆಟ್ಟಿಲ್ಲ. ಅದು ಹುಟ್ಟಿದ್ದೇ ಹಾಗೆ. ಗೇನ್ ಇಳಿಸಿ ನಾಬನ್ನು ಮೇಲೆ ತರುವುದೇ ಮದ್ದು. ಆ ದಾರಿಗಳು ಮುಂದಿನ ಭಾಗದಲ್ಲಿವೆ. 12 ಗಂಟೆಯ ಜಾಗದಲ್ಲೂ ದನಿ ಜಾರಿಯೇ ಇದ್ದರೆ ಅದು ಒಪ್ಪಿಕೊಳ್ಳುವ ಗುಣಮಟ್ಟ ಅಲ್ಲ. ಹೊಸ ಆಂಪ್ ಆಗಿದ್ದರೆ ವಾಪಸ್ ಕೊಡಿ.

ಅಂಗಡಿಯವರು "ಹಾಗೇನೂ ಇಲ್ಲ, ನಿಮಗೆ ಅನ್ನಿಸುತ್ತೆ ಅಷ್ಟೆ" ಅಂದರೆ ಅಳತೆ ಮಾಡಿ ತೋರಿಸಬಹುದು. ಫೋನ್ ಆಪ್‌ನಿಂದ 100 ಹರ್ಟ್ಸ್ ಟೋನ್ ಎರಡೂ ಬದಿಗೆ ಒಂದೇ ಮಟ್ಟದಲ್ಲಿ ಹಾಕಿ. ಹೆಡ್‌ಫೋನ್ ತೆಗೆದು, ಆ ಜಾಗಕ್ಕೆ ಒಂದು ಆಕ್ಸ್ ಕೇಬಲ್ ಚುಚ್ಚಿ. ಕೇಬಲ್‌ನ ಇನ್ನೊಂದು ತುದಿಯ ಪಿನ್ನಲ್ಲಿ ಮೊನೆ ಎಡ ಚಾನೆಲ್, ಅದರ ಹಿಂದಿನ ಉಂಗುರ ಬಲ, ಬುಡದ ಭಾಗ ಗ್ರೌಂಡ್. ಮಲ್ಟಿಮೀಟರ್‌ನ ಎಸಿ ವೋಲ್ಟ್‌ನಲ್ಲಿ ಗ್ರೌಂಡ್‌ನಿಂದ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಓದಿ. ಮೊನೆ ಮತ್ತು ಉಂಗುರ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ದೊಡ್ಡ ಓದನ್ನು ಸಣ್ಣದರಿಂದ ಭಾಗಿಸಿದಾಗ 1.12 ಬಂದರೆ ವ್ಯತ್ಯಾಸ 1 ಡೆಸಿಬೆಲ್, 1.26 ಬಂದರೆ 2, 1.41 ಬಂದರೆ 3, ಎರಡರಷ್ಟಿದ್ದರೆ 6. ಒಂದು ಎಚ್ಚರ: ಎಲ್ಲ ಕಡೆ ಸಿಗುವ ಹಳದಿ ಬಣ್ಣದ ಅಗ್ಗದ ಮೀಟರ್‌ನಲ್ಲಿ ಎಸಿಗೆ 200 ವೋಲ್ಟ್‌ಗಿಂತ ಕೆಳಗಿನ ರೇಂಜ್ ಇರುವುದಿಲ್ಲ. ಅದು ಈ ಕೆಲಸಕ್ಕೆ ಬರುವುದಿಲ್ಲ. ಎಸಿ ಮಿಲಿವೋಲ್ಟ್ ಓದುವ ಮೀಟರ್ ಬೇಕು, ಏಕೆಂದರೆ ನಾಬ್ ತಳದಲ್ಲಿರುವಾಗ ಸಿಗುವುದು ಹತ್ತು ಮಿಲಿವೋಲ್ಟ್‌ಗೂ ಕಡಿಮೆ.

ಲಕ್ಷಣ: ನಾಬ್ ಸ್ವಲ್ಪ ತಿರುಗಿಸಿದರೆ ಸಾಕು, ಕಿವಿ ಒಡೆಯುವಷ್ಟು ಸೌಂಡ್

ಲೆಕ್ಕ ಹಾಕಿ ನೋಡೋಣ. 32 ಓಮ್‌ನ ಒಂದು ಹೆಡ್‌ಫೋನ್ 1 ಮಿಲಿವಾಟ್‌ಗೆ 100 ಡೆಸಿಬೆಲ್ ಕೊಡುತ್ತದೆ ಅಂದುಕೊಳ್ಳಿ. ಆ 1 ಮಿಲಿವಾಟ್‌ಗೆ ಬೇಕಾದದ್ದು ಬರೀ 0.18 ವೋಲ್ಟ್. ಮೇಜಿನ ಮೇಲಿನ ಡ್ಯಾಕ್ ಕೊಡುವುದು ಸಾಮಾನ್ಯವಾಗಿ 2 ವೋಲ್ಟ್. ಆಂಪ್ ಏನೂ ವರ್ಧಿಸದಿದ್ದರೂ ಇದು 21 ಡೆಸಿಬೆಲ್ ಜಾಸ್ತಿ, ಅಂದರೆ ಗರಿಷ್ಠ 121 ಡೆಸಿಬೆಲ್. ಹಾಡಿನ ಸರಾಸರಿ ಮಟ್ಟ ಅದರ ಶಿಖರಗಳಿಗಿಂತ ಸುಮಾರು 12 ಡೆಸಿಬೆಲ್ ಕೆಳಗೆ ಇರುತ್ತದೆ ಅಂತ ಹಿಡಿದರೂ ಸರಾಸರಿಯೇ 109. ರಾತ್ರಿ ಮೆಲ್ಲಗೆ 65 ಡೆಸಿಬೆಲ್‌ನಲ್ಲಿ ಕೇಳಬೇಕಾದರೆ ಪಾಟ್ 44 ಡೆಸಿಬೆಲ್ ಇಳಿಸಬೇಕು. ಆಂಪ್‌ನ ಗೇನ್ 10 ಡೆಸಿಬೆಲ್ ಇದ್ದರೆ 54 ಇಳಿಸಬೇಕು. ಪುಟ್ಟ ಪಾಟ್‌ನ ಭರವಸೆ 40ಕ್ಕೇ ಮುಗಿದಿತ್ತು, ಅಲ್ವಾ? ನಾಬ್ ತಳದಲ್ಲೇ ಸಿಕ್ಕಿಹಾಕಿಕೊಳ್ಳುವುದು ಹೀಗೆ.

ಆಂಪ್‌ನಲ್ಲಿ ಗೇನ್ ಸ್ವಿಚ್ ಇದೆಯಾ ನೋಡಿ. ಮುಂದೆ ಕಾಣದಿದ್ದರೆ ಹಿಂದೆ, ಇಲ್ಲವೇ ತಳಭಾಗದಲ್ಲಿ ಪುಟ್ಟ ಸ್ವಿಚ್ ಇರಬಹುದು. ನಾಬ್ ಸೊನ್ನೆಗೆ ತಂದು ಲೋ ಗೇನ್‌ಗೆ ಹಾಕಿ. ಹೈ ಗೇನ್‌ನಲ್ಲಿ ಸೌಂಡ್ ಹೆಚ್ಚು ತುಂಬಿ ಬರುತ್ತದೆ ಅನ್ನುವ ಮಾತು ಬಹಳ ಕೇಳುತ್ತೇವೆ. ಅದು ಬರೀ ಜೋರಾದದ್ದರ ಪರಿಣಾಮ. 300 ಓಮ್‌ನ ದೊಡ್ಡ ಹೆಡ್‌ಫೋನ್‌ಗೂ ಡ್ಯಾಕ್ 2 ವೋಲ್ಟ್ ಕೊಡುತ್ತಿದ್ದರೆ ಎಷ್ಟೋ ಸಲ ಲೋ ಗೇನ್ ಸಾಕಾಗುತ್ತದೆ.

ಅಷ್ಟಕ್ಕೂ ಸಾಲದಿದ್ದರೆ ಕಂಪ್ಯೂಟರ್ ವಾಲ್ಯೂಮ್ ಇಳಿಸಿ. ಇದಕ್ಕೆ ಹೆದರುವವರು ಬಹಳ. "ಬಿಟ್‌ಗಳು ಕಳೆದುಹೋಗುತ್ತವೆ" ಅನ್ನುತ್ತಾರೆ. ಡಿಜಿಟಲ್‌ನಲ್ಲಿ 6 ಡೆಸಿಬೆಲ್ ಇಳಿಸಿದರೆ 1 ಬಿಟ್ ಹೋಗುತ್ತದೆ ಅನ್ನುವುದು ನಿಜ. ಆದರೆ ನಿಮ್ಮ ಡ್ಯಾಕ್ 24 ಬಿಟ್, ಹಾಡುಗಳು ಹೆಚ್ಚಾಗಿ 16 ಬಿಟ್. 15 ಡೆಸಿಬೆಲ್ ಇಳಿಸಿದರೆ ಹೋಗುವುದು ಎರಡೂವರೆ ಬಿಟ್, ಅದೂ ಖಾಲಿ ಇದ್ದ ಜಾಗದಿಂದ. ವಿಂಡೋಸ್‌ನಲ್ಲಿ ಡ್ಯಾಕ್‌ನ ಫಾರ್ಮ್ಯಾಟ್ 24 ಬಿಟ್‌ಗೆ ಇಟ್ಟಿದ್ದೀರಾ ಅಂತ ಮಾತ್ರ ಖಚಿತಪಡಿಸಿಕೊಳ್ಳಿ. ಈಕ್ವಲೈಸರ್ ಎಪಿಓ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡರೆ ಪ್ರೀಆಂಪ್ ಮಟ್ಟವನ್ನು ಮೈನಸ್ 15ಕ್ಕೆ ಇಟ್ಟು ಮರೆತುಬಿಡಬಹುದು.

ಮೇಲಿನ ಲೆಕ್ಕಕ್ಕೇ ಬರೋಣ. ಗೇನನ್ನು 10ರಿಂದ 0ಗೆ, ಮೂಲವನ್ನು (ಕಂಪ್ಯೂಟರ್ ವಾಲ್ಯೂಮ್) 15 ಕೆಳಗೆ. ಪಾಟ್ ಈಗ 54ರ ಬದಲು 29 ಡೆಸಿಬೆಲ್ ಮಾತ್ರ ಇಳಿಸಬೇಕು. ನಾಬ್ ತಳ ಬಿಟ್ಟು ಮೇಲೆ ಬರುತ್ತದೆ, ದನಿ ನಡುವಿಗೆ ಬರುತ್ತದೆ, ಬೆರಳಿಗೆ ಹಿಡಿತ ಸಿಗುತ್ತದೆ. ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಸಾಫ್ಟ್‌ವೇರ್ ಬೇಡ ಅನ್ನುವವರಿಗೆ, ಸಿಡಿ ಪ್ಲೇಯರ್ ಇಟ್ಟುಕೊಂಡವರಿಗೆ ಇನ್ನೊಂದು ದಾರಿ ಇದೆ. ಡ್ಯಾಕ್ ಮತ್ತು ಆಂಪ್ ನಡುವೆ ಪ್ರತಿ ಚಾನೆಲ್‌ಗೆ ಎರಡು ರೆಸಿಸ್ಟರ್. ಸಿಗ್ನಲ್ ದಾರಿಯಲ್ಲಿ 10 ಕಿಲೋ ಓಮ್, ಅದರ ಆಚೆ ತುದಿಯಿಂದ ಗ್ರೌಂಡ್‌ಗೆ 4.7 ಕಿಲೋ ಓಮ್. ಆಂಪ್‌ನ ಇನ್‌ಪುಟ್ 10 ಕಿಲೋ ಓಮ್ ಇದ್ದರೆ ಇದರಿಂದ ಸುಮಾರು 12 ಡೆಸಿಬೆಲ್ ಇಳಿಯುತ್ತದೆ. ಶೇ. 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದರೆ ಎರಡು ಬದಿಗಳ ವ್ಯತ್ಯಾಸ ಹೆಚ್ಚೆಂದರೆ ಕಾಲು ಡೆಸಿಬೆಲ್ ಒಳಗೆ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಇವು ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಹೆಡ್‌ಫೋನ್ ಕಡೆಗೆ ಹಾಕುವ, ಬರೀ ಒಂದು ರೆಸಿಸ್ಟರ್ ಇರುವ ಅಡಾಪ್ಟರ್‌ಗಳನ್ನು ಮಾತ್ರ ನಾನು ಒಪ್ಪುವುದಿಲ್ಲ. ಎರಡು ಮೂರು ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಇರುವ ಇನ್‌ಇಯರ್‌ಗಳಲ್ಲಿ ಅದು ಬಾಸ್-ಟ್ರೆಬಲ್ ಲೆಕ್ಕವನ್ನೇ ಬದಲಿಸಿಬಿಡುತ್ತದೆ.

ಸೌಂಡ್ ಎಷ್ಟಿರಬೇಕು ಅನ್ನುವುದಕ್ಕೂ ಒಂದು ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಏರಿದರೆ ವಾರಕ್ಕೆ 4 ಗಂಟೆ ಮಾತ್ರ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಆಂಪ್ ರಿಪೇರಿ ಪಕ್ಕಕ್ಕಿಡಿ, ಕಿವಿಗೆ ರಜೆ ಕೊಡಿ.

ಲಕ್ಷಣ: ತಿರುಗಿಸುವಾಗ ಗರಗರ, ಚರಚರ

ನಾಬ್ ಅಲುಗಿದಾಗ ಮಾತ್ರ ಗರಗರ ಬಂದು, ಬಿಟ್ಟಾಗ ನಿಂತರೆ ಕಾರ್ಬನ್ ಪಟ್ಟಿ ಮತ್ತು ವೈಪರ್ ನಡುವೆ ಕೊಳೆ ಕೂತಿದೆ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಇದು ಬೇಗ ಬರುತ್ತದೆ. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಾಬ್ ಬಿಟ್ಟವರಿಗೂ ಬರುತ್ತದೆ.

ಆಂಪ್ ಆಫ್ ಮಾಡಿ, ಹೆಡ್‌ಫೋನ್ ಕಿತ್ತು, ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಎಷ್ಟೋ ಕೇಸು ಇಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್. ಡಬ್ಬದ ಮೇಲೆ ಎಲೆಕ್ಟ್ರಾನಿಕ್ ಅಥವಾ ಪೊಟೆನ್ಷಿಯೋಮೀಟರ್‌ಗೆ ಅಂತ ಬರೆದಿರಬೇಕು. ಬಾಗಿಲ ಕೀಲಿಗೆ ಹೊಡೆಯುವ ಮಾಮೂಲಿ ಡಬ್ಲ್ಯುಡಿ-40 ಬೇಡ. ಮೊದಲ ದಿನ ಸರಿಯಾದಂತೆ ಕಾಣುತ್ತದೆ, ಉಳಿದ ಎಣ್ಣೆಗೆ ಧೂಳು ಅಂಟಿ ಮತ್ತೆ ಶುರುವಾಗುತ್ತದೆ. ಪಾಟ್‌ನ ಕಾಲುಗಳ ಹತ್ತಿರದ ಸಂದಿಯಿಂದ ಒಂದು ಪುಸುಕು ಸಾಕು. ಶಾಫ್ಟ್ ಮೇಲಿಂದ ಸುರಿದರೆ ತಿರುಗಿಸುವಾಗಿನ ಹದ ಕೊಡುವ ಗ್ರೀಸ್ ತೊಳೆದುಹೋಗುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ದೀಪ, ಗ್ಯಾಸ್ ಒಲೆ ಬೇಡ. ಈ ಸ್ಪ್ರೇಗಳಲ್ಲಿ ಹೆಚ್ಚಿನವು ಬೆಂಕಿ ಹಿಡಿಯುತ್ತವೆ. ಪೂರ್ತಿ ಒಣಗುವ ತನಕ ಆನ್ ಮಾಡಬೇಡಿ.

ತೊಳೆದ ಮೇಲೂ ವಾರದೊಳಗೆ ಮತ್ತೆ ಬಂದರೆ, ಅಥವಾ ಹೊಸ ಆಂಪ್‌ನಲ್ಲೇ ಬಂದರೆ, ಕೊಳೆಯನ್ನು ಬಿಟ್ಟು ಡಿಸಿ ವೋಲ್ಟೇಜ್ ಕಡೆ ನೋಡಬೇಕು. ಪಾಟ್ ಮೇಲೆ ಡಿಸಿ ಕೂತರೆ ವೈಪರ್ ಜಾರುವಾಗೆಲ್ಲ ಸದ್ದಾಗುತ್ತದೆ. ಇನ್‌ಪುಟ್ ಕೇಬಲ್ ಕಿತ್ತು ತಿರುಗಿಸಿ ನೋಡಿ. ಸದ್ದು ಹೋದರೆ ಡಿಸಿ ಬರುತ್ತಿರುವುದು ಮೂಲದಿಂದ. ಇದ್ದರೆ ಆಂಪ್‌ನ ಒಳಗಿನಿಂದ. ಆಗ ಹೆಡ್‌ಫೋನ್ ತೆಗೆದು ಔಟ್‌ಪುಟ್‌ನಲ್ಲಿ ಡಿಸಿ ಮಿಲಿವೋಲ್ಟ್ ಅಳೆಯಿರಿ. 10ಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ. 50 ದಾಟಿದರೆ ಒಳ್ಳೆಯ ಹೆಡ್‌ಫೋನನ್ನು ಅದಕ್ಕೆ ಹಾಕಬೇಡಿ. 100 ದಾಟಿದರೆ ಏನನ್ನೂ ಹಾಕಬೇಡಿ, ನೇರ ರಿಪೇರಿಗೆ.

ಲಕ್ಷಣ: ಏಕಾಏಕಿ ಫುಲ್ ಸೌಂಡ್, ಅಥವಾ ಒಂದು ಬದಿ ಸತ್ತಿದೆ

ತಕ್ಷಣ ಹೆಡ್‌ಫೋನ್ ತೆಗೆದು, ಆಂಪ್ ಆಫ್ ಮಾಡಿ. ಇದು ಸುಮ್ನೆ ಬಿಡುವ ಲಕ್ಷಣ ಅಲ್ಲ.

ಪಾಟ್‌ನ ಪ್ರತಿ ಬದಿಗೆ ಮೂರು ಕಾಲು: ಸಿಗ್ನಲ್ ಬರುವ ಕಾಲು, ವೈಪರ್ ಕಾಲು, ಗ್ರೌಂಡ್ ಕಾಲು. ಗ್ರೌಂಡ್ ಕಾಲಿನ ಸೋಲ್ಡರ್ ಬಿಟ್ಟರೆ ಇಳಿಸುವುದಕ್ಕೆ ದಾರಿಯೇ ಇರುವುದಿಲ್ಲ. ನಾಬ್ ಎಲ್ಲಿದ್ದರೂ ಆ ಬದಿ ಹೆಚ್ಚುಕಡಿಮೆ ಫುಲ್ ಸೌಂಡಿನಲ್ಲಿ ಇರುತ್ತದೆ. ಉಳಿದ ಎರಡರಲ್ಲಿ ಒಂದು ಬಿಟ್ಟರೆ ಆ ಬದಿ ಸಾಯುತ್ತದೆ. ನಾಬನ್ನು ಮೆಲ್ಲಗೆ ಮೇಲೆ ಕೆಳಗೆ ಒತ್ತಿದಾಗ ಸೌಂಡ್ ಬಂದು ಹೋಗುತ್ತಿದ್ದರೆ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಎಂದು ತಿಳಿಯಿರಿ.

ಹೀಗಾಗುವುದಕ್ಕೆ ಒಂದು ಸರಳ ಕಾರಣ ಇದೆ. ಒಳ್ಳೆಯ ಆಂಪ್‌ಗಳಲ್ಲಿ ಪಾಟನ್ನು ಮುಂದಿನ ಫಲಕಕ್ಕೆ ನಟ್ ಹಾಕಿ ಬಿಗಿದಿರುತ್ತಾರೆ. ಅಗ್ಗದ್ದರಲ್ಲಿ ಅದು ಬರೀ ಪಿಸಿಬಿಯ (ಸರ್ಕ್ಯೂಟ್ ಬೋರ್ಡ್) ಮೇಲೆ ನಿಂತಿರುತ್ತದೆ. ಕೈಯ ಒತ್ತಡ, ಬ್ಯಾಗಿನಲ್ಲಿ ನಾಬ್ ಮೇಲೆ ಬಿದ್ದ ಭಾರ, ಎಲ್ಲವನ್ನೂ ಆ ಪುಟ್ಟ ಸೋಲ್ಡರ್ ಜಾಗಗಳೇ ಹೊರಬೇಕು. ನಾಬ್ ಕಿತ್ತು ನೋಡಿ. ಒಳಗೆ ನಟ್ ಇದ್ದು ಸಡಿಲವಾಗಿದ್ದರೆ ಹದವಾಗಿ ಬಿಗಿ ಮಾಡಿ. ಸೋಲ್ಡರ್ ಬಿಟ್ಟಿದ್ದರೆ ಟಿವಿ, ಆಡಿಯೋ ರಿಪೇರಿ ಮಾಡುವ ಯಾರಿಗಾದರೂ ಹತ್ತು ನಿಮಿಷದ ಕೆಲಸ. "ಪಾಟ್‌ನ ಆರೂ ಕಾಲು ಮತ್ತೆ ಸೋಲ್ಡರ್ ಮಾಡಿಕೊಡಿ, ಹೆಡ್‌ಫೋನ್ ಜ್ಯಾಕ್‌ನ ಕಾಲೂ ಒಮ್ಮೆ ನೋಡಿ" ಅಂತ ಕೇಳಿ. ಒಂದು ಬದಿ ಸತ್ತಾಗ ಜ್ಯಾಕ್ ತಪ್ಪು ಮಾಡಿರುವುದೂ ಬಹಳ ಸಲ ಇರುತ್ತದೆ. ಪಿನ್ನನ್ನು ಜ್ಯಾಕ್ ಒಳಗೆ ಮೆಲ್ಲಗೆ ತಿರುಗಿಸಿದಾಗ ಸೌಂಡ್ ಬಂದರೆ ಪಾಟ್ ಮುಟ್ಟುವ ಅಗತ್ಯವೇ ಇಲ್ಲ.

ಲಕ್ಷಣ: ಸೊನ್ನೆಗೆ ತಂದರೂ ಸಣ್ಣಗೆ ಹಾಡು ಕೇಳುತ್ತದೆ

ಪಾಟ್‌ನ ತಳದಲ್ಲಿ ಒಂದೆರಡು ಓಮ್ ಉಳಿದಿರುತ್ತದೆ. ಸೂಕ್ಷ್ಮ ಇನ್‌ಇಯರ್‌ನಲ್ಲಿ ಅಷ್ಟೂ ಕೇಳಿಸಬಹುದು. ಎರಡೂ ಬದಿಯಲ್ಲಿ, ನಿಶ್ಶಬ್ದ ಕೋಣೆಯಲ್ಲಿ ಮಾತ್ರ ಕೇಳಿದರೆ ಬಿಟ್ಟುಬಿಡಿ. ಒಂದೇ ಬದಿಯಲ್ಲಿ ಸ್ಪಷ್ಟವಾಗಿ ಕೇಳಿದರೆ ಗ್ರೌಂಡ್ ಕಾಲಿನ ಸೋಲ್ಡರ್ ಬಿಡುವುದಕ್ಕೆ ಶುರುವಾಗಿದೆ ಅನ್ನುವ ಅನುಮಾನ ಇಟ್ಟುಕೊಳ್ಳಿ.

ಲಕ್ಷಣ: ಹಿಸ್, ಹಮ್, ನಾಬ್ ಮುಟ್ಟಿದರೆ ಬದಲಾಗುವ ಸದ್ದು

ಹಾಡು ನಿಲ್ಲಿಸಿ ನಾಬ್ ತಿರುಗಿಸಿ ನೋಡಿ. ಇದು ಬಹಳ ಉಪಯೋಗದ ಪರೀಕ್ಷೆ. ನಾಬ್ ಜೊತೆ ಸದ್ದೂ ಏರಿ ಇಳಿದರೆ ಅದು ಪಾಟ್‌ಗಿಂತ ಮೊದಲು ಹುಟ್ಟುತ್ತಿದೆ: ಡ್ಯಾಕ್, ಕೇಬಲ್, ಕಂಪ್ಯೂಟರ್. ನಾಬ್ ಎಲ್ಲಿದ್ದರೂ ಒಂದೇ ಸಮ ಇದ್ದರೆ ಪಾಟ್ ದಾಟಿದ ಮೇಲೆ, ಆಂಪ್‌ನ ಒಳಗೇ ಹುಟ್ಟುತ್ತಿದೆ. ನಾಬ್ ಮೇಲಿನ ಅರ್ಧದಲ್ಲೆಲ್ಲೋ ಇದ್ದಾಗ ತುಸು ಜಾಸ್ತಿಯಾಗಿ ಫುಲ್‌ನಲ್ಲಿ ಕಡಿಮೆಯಾಗುವ ಹಿಸ್ ಪಾಟ್‌ನ ರೆಸಿಸ್ಟೆನ್ಸ್‌ನದ್ದೇ. ಸಿಗ್ನಲ್ ಅರ್ಧಕ್ಕೆ ಇಳಿಯುವ ಜಾಗದಲ್ಲಿ ಅದು ಗರಿಷ್ಠ. 10 ಕಿಲೋ ಓಮ್ ಪಾಟ್‌ನಲ್ಲಿ ಅದು ಕೇಳಿಸುವುದು ಅಪರೂಪ, 50 ಕಿಲೋ ಓಮ್‌ನಲ್ಲಿ ಸೂಕ್ಷ್ಮ ಇನ್‌ಇಯರ್‌ಗೆ ಕೇಳಬಹುದು.

ಮೌಸ್ ಅಲುಗಿಸಿದಾಗ ಚಿರಿಚಿರಿ ಬರುತ್ತಿದ್ದರೆ ಗ್ರೌಂಡ್ ಲೂಪ್, ಅಂದರೆ ಎರಡು ಸಾಧನಗಳ ಗ್ರೌಂಡ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ಹೋದರೆ ಖಚಿತ. ಲ್ಯಾಪ್‌ಟಾಪ್, ಆಂಪ್ ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಟ್ಟರೆ ಸುಮಾರಾಗಿ ತಗ್ಗುತ್ತದೆ. ಸದ್ದು ಹೋಗಲಿ ಅಂತ ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ಮುರಿಯುವುದು, ಟೇಪ್ ಸುತ್ತುವುದು ಯಾವತ್ತಿಗೂ ಮಾಡಬಾರದ ಕೆಲಸ. ಜೀವಕ್ಕೆ ಅಪಾಯ.

ಲೋಹದ ನಾಬ್ ಮುಟ್ಟಿದಾಗ ಹಮ್ ನಿಂತರೆ ಪಾಟ್‌ನ ಲೋಹದ ಮೈ ಗ್ರೌಂಡ್‌ಗೆ ಸೇರಿಲ್ಲ. ಪ್ಲಾಸ್ಟಿಕ್ ನಾಬ್ ಹಾಕಿದರೆ ಮುಟ್ಟಿದಾಗಿನ ಬದಲಾವಣೆ ತಪ್ಪುತ್ತದೆ. ಪಾಟ್‌ನ ಮೈಯಿಂದ ಗ್ರೌಂಡ್‌ಗೆ ಒಂದು ತುಂಡು ವೈರ್ ಹಾಕಿದರೆ ಹಮ್ಮೇ ಹೋಗುತ್ತದೆ. ಮುಟ್ಟಿದಾಗ ಬೆರಳಿಗೆ ಸಣ್ಣಗೆ ಝುಂ ಅಂದರೆ ಅದು ಎರಡು ಪಿನ್ ಅಡಾಪ್ಟರ್‌ನ ಲೀಕೇಜ್, ಅರ್ಥಿಂಗ್ ಇಲ್ಲದ ಮನೆಗಳಲ್ಲಿ ಮಾಮೂಲಿ. ಆದರೆ ಝಾಡಿಸಿದಂತೆ ಶಾಕ್ ಹೊಡೆದರೆ ತಕ್ಷಣ ಬಳಸುವುದು ನಿಲ್ಲಿಸಿ. ಅಡಾಪ್ಟರ್ ಬದಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್‌ನ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಲಕ್ಷಣ: ಕಡಿಮೆ ಸೌಂಡಿನಲ್ಲೂ ದನಿ ಒಡೆಯುತ್ತದೆ

ಕೆಲವು ಆಂಪ್‌ಗಳಲ್ಲಿ ಗೇನ್ ಹಂತ ಪಾಟ್‌ಗಿಂತ ಮೊದಲೇ ಬರುತ್ತದೆ. 2011ರಲ್ಲಿ ಎಲ್ಲರಿಗೂ ಮುಕ್ತವಾಗಿ ಪ್ರಕಟವಾದ ಓ2 ಆಂಪ್‌ನ ವಿನ್ಯಾಸ ಹೀಗಿದೆ. ಇದರಿಂದ ಗೇನ್ ಹಂತದ ಸದ್ದೂ ಪಾಟ್ ಜೊತೆಗೇ ತಗ್ಗುತ್ತದೆ, ಒಳ್ಳೆಯ ಯೋಚನೆ. ಆದರೆ ಅದರ ಗೇನ್ 6.5ರಷ್ಟಕ್ಕೆ ಇಟ್ಟು 2 ವೋಲ್ಟ್ ಡ್ಯಾಕ್ ಚುಚ್ಚಿದರೆ ಗೇನ್ ಹಂತ 13 ವೋಲ್ಟ್ ಕೊಡಬೇಕಾಗುತ್ತದೆ. ಒಳಗಿನ ಸಪ್ಲೈ ಅಷ್ಟು ಇಲ್ಲ. ನಾಬ್ ಎಷ್ಟೇ ಕೆಳಗಿರಲಿ, ಸಿಗ್ನಲ್ ಆಗಲೇ ಕತ್ತರಿಸಿ ಹೋಗಿರುತ್ತದೆ. ಗೇನ್ 2.5ಕ್ಕೆ ಇಳಿಸಿದರೆ ಸರಿಹೋಗುತ್ತದೆ. ನಿಮ್ಮ ಆಂಪ್ ಯಾವುದೇ ಇರಲಿ, ಲೋ ಗೇನ್‌ನಲ್ಲಿ ಒಡಕು ನಿಂತರೆ ಇದೇ ಕಾರಣ. ನಿಲ್ಲದಿದ್ದರೆ ಹೆಡ್‌ಫೋನ್ ಡ್ರೈವರ್ ಮೇಲೆ ಕೂದಲು ಬಿದ್ದಿದೆಯಾ ನೋಡಿ.

ಲಕ್ಷಣ: ಡಿಜಿಟಲ್ ನಾಬ್ ಜಿಗಿಯುತ್ತದೆ, ಹಿಂದಕ್ಕೆ ಹೋಗುತ್ತದೆ

ಕೊನೆಯೇ ಇಲ್ಲದೆ ಸುತ್ತುವ ನಾಬ್ ಆದರೆ ಅದು ಪಾಟ್ ಅಲ್ಲ, ಎನ್‌ಕೋಡರ್: ಎಷ್ಟು ಹೆಜ್ಜೆ, ಯಾವ ಕಡೆ ತಿರುಗಿತು ಅಂತ ತಿಳಿಸುವ ಭಾಗ. ಏರಿಸಿದರೆ ಇಳಿಯುವುದು, ಎರಡು ಮೂರು ಹೆಜ್ಜೆ ಜಿಗಿಯುವುದು ಅದರ ಕಾಂಟ್ಯಾಕ್ಟ್‌ಗಳಲ್ಲಿ ಕೊಳೆ ಕೂತಾಗ. ಚಿಕಿತ್ಸೆ ಗರಗರದ್ದೇ. ಇಂಥ ಆಂಪ್‌ಗಳಲ್ಲಿ ಎಡ-ಬಲ ವ್ಯತ್ಯಾಸ ಇರುವುದೇ ಇಲ್ಲ ಅನ್ನಬಹುದು. ಉದಾಹರಣೆಗೆ ಪಿಜಿಎ2311 ಎಂಬ ವಾಲ್ಯೂಮ್ ಚಿಪ್ ಅರ್ಧ ಅರ್ಧ ಡೆಸಿಬೆಲ್ ಹೆಜ್ಜೆಯಲ್ಲಿ ಇಳಿಸುತ್ತದೆ, ಎರಡು ಬದಿಗಳ ವ್ಯತ್ಯಾಸ 0.05 ಡೆಸಿಬೆಲ್ ಆಸುಪಾಸು. ರಿಲೇ (ಕರೆಂಟಿನಿಂದ ನಡೆಯುವ ಪುಟ್ಟ ಸ್ವಿಚ್) ಇರುವ ಆಂಪ್‌ನಲ್ಲಿ ಪ್ರತಿ ಹೆಜ್ಜೆಗೂ ಟಕ್ ಅನ್ನುವುದು ದೋಷ ಅಲ್ಲ. ಫೋನ್‌ನಲ್ಲಿ ಹೆಜ್ಜೆಗಳು ದೊಡ್ಡದಾಗಿವೆ ಅನ್ನಿಸಿದರೆ ಕಾರಣ ಫೋನೇ. ಆಂಡ್ರಾಯ್ಡ್ ಹಾಡಿನ ವಾಲ್ಯೂಮನ್ನು ಸಾಮಾನ್ಯವಾಗಿ 15 ಹೆಜ್ಜೆಗಳಲ್ಲಿ ಮುಗಿಸುತ್ತದೆ.

ಪಾಟ್ ಬದಲಿಸುವುದಾ, ಆಂಪ್ ಬದಲಿಸುವುದಾ?

ಗೇನ್ ಇಳಿಸಿ, ಮೂಲ ಇಳಿಸಿ, ತೊಳೆದು ನೋಡಿದ ಮೇಲೂ ತೊಂದರೆ ಉಳಿದರೆ ಮಾತ್ರ ಈ ಪ್ರಶ್ನೆ ಬರಬೇಕು. 9 ಮಿಲಿಮೀಟರ್ ಪಾಟನ್ನು ಅಂಥದ್ದೇ ಇನ್ನೊಂದರಿಂದ ಬದಲಿಸುವುದು ಸವೆದು ಹೋಗಿದ್ದಾಗ ಸರಿ. ಎಡ-ಬಲ ವ್ಯತ್ಯಾಸಕ್ಕೆ ಅಂತ ಬದಲಿಸಿದರೆ ಲಾಟರಿ, ಹೊಸದೂ ಹಾಗೇ ಇರಬಹುದು. ದೊಡ್ಡ ನೀಲಿ ಪಾಟ್ ಪುಟ್ಟ ಪೆಟ್ಟಿಗೆಯೊಳಗೆ ಹಿಡಿಸುವುದೇ ಇಲ್ಲ. ಜೊತೆಗೆ ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ ನೀಲಿ ಪಾಟ್‌ಗಳಲ್ಲಿ ನಕಲಿ ಬಹಳ.

ಮೆಲ್ಲಗೆ ಕೇಳುವವರು, ಸೂಕ್ಷ್ಮ ಇನ್‌ಇಯರ್ ಇರುವವರು ಹೊಸದು ಕೊಳ್ಳುವುದಾದರೆ ವಾಟ್ ಎಷ್ಟು ಅಂತ ಕೇಳುವ ಮೊದಲು ವಾಲ್ಯೂಮ್ ಹೇಗೆ ನಡೆಯುತ್ತದೆ ಅಂತ ಕೇಳಿ. ಚಿಪ್ ಅಥವಾ ರಿಲೇ ವಾಲ್ಯೂಮ್ ಇರುವ ಆಂಪ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಆ ದುಡ್ಡು ಕಿವಿಗೆ ತಲುಪುತ್ತದೆ. ಡಿಸ್ಟಾರ್ಷನ್ ಇನ್ನೊಂದು ಸೊನ್ನೆ ಕಡಿಮೆಯಾದದ್ದಕ್ಕೆ ಕೊಟ್ಟ ದುಡ್ಡು ತಲುಪುವುದಿಲ್ಲ. ದೊಡ್ಡ ಹೆಡ್‌ಫೋನ್‌ನಲ್ಲಿ ಒಂದಿಷ್ಟು ಜೋರಾಗಿ ಕೇಳುವವರಿಗೆ ಪುಟ್ಟ ಪಾಟ್‌ನ ಅಗ್ಗದ ಆಂಪೇ ಸಾಕು. ನಾಬ್ ಹೇಗೂ 11 ಗಂಟೆಯ ಮೇಲೆ ಇರುತ್ತದೆ.

ಪಾಟನ್ನೇ ಬದಲಿಸುವುದಾದರೆ ಹಳೆಯದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಮೈ ಮೇಲೆ ಎ10ಕೆ ಎಂಬಂತೆ ಬರೆದಿರುತ್ತದೆ. ಎ ಅಂದರೆ ಆಡಿಯೋಗೆ ಬೇಕಾದ ಲಾಗ್ ರೀತಿಯದು, ಬಿ ಅಂದರೆ ನೇರ ರೀತಿಯದು. ಬಿ ಹಾಕಿಸಿಕೊಂಡು ಬಂದರೆ ಶುರುವಿನಲ್ಲೇ ಸೌಂಡ್ ಹಾರುತ್ತದೆ. ಕಾಲುಗಳು ಆರು ಇರಬೇಕು, ಎರಡು ಸಾಲಿನ ಅಂತರ ಪಿಸಿಬಿಯ ತೂತಿಗೆ ಹೊಂದಬೇಕು. ಶಾಫ್ಟ್ ಒಂದು ಬದಿ ಚಪ್ಪಟೆಯಾ ಅಥವಾ ಹಲ್ಲು ಹಲ್ಲಾಗಿದೆಯಾ ಅಂತ ನೋಡಿ, ಇಲ್ಲದಿದ್ದರೆ ನಿಮ್ಮ ನಾಬ್ ಅದರ ಮೇಲೆ ಕೂರುವುದಿಲ್ಲ. ಹಾಕಿಸಿದ ಮೇಲೆ ಒಳ್ಳೆಯ ಹೆಡ್‌ಫೋನ್ ಚುಚ್ಚುವ ಮೊದಲು ಔಟ್‌ಪುಟ್‌ನ ಡಿಸಿ ಒಮ್ಮೆ ಅಳೆಯಿರಿ. ಆಮೇಲೆ ಹಳೆಯ ಇಯರ್‌ಫೋನ್ ಒಂದನ್ನು ಹಾಕಿ, ಸೊನ್ನೆಯಿಂದ ಫುಲ್ ತನಕ ನಿಧಾನಕ್ಕೆ ತಿರುಗಿಸಿ, ಎರಡೂ ಬದಿ ಜೊತೆಜೊತೆಗೆ ಏರುತ್ತವೆಯಾ ನೋಡಿ.